ಹರಕೆ ಹೊತ್ತವರು ಆಸ್ಪತ್ರೆ ಬಿಟ್ಟವರಲ್ಲ

"ನಮ್ಮ ಹಳ್ಳಿ ಜನ ದೇವರು ದಿಂಡರು ಅಂತ ಸುತ್ತಿ ಸುತ್ತಿ, ಕೊನೆಗೆ ಕೈಮೀರಿದ ಮೇಲೆ ಆಸ್ಪತ್ರೆಗೆ ಬರ್ತಾರೆ." ಮೈಸೂರಿನಲ್ಲಿ ಓದಿದವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಸಮಾಜಶಾಸ್ತ್ರ ಪಾಠ ಮಾಡುವ ನನಗೆ ಈ ಮಾತು ಪ್ರತಿ ಸಲವೂ ಚುಚ್ಚುತ್ತದೆ. ಇದು ಪೂರ್ತಿ ಸುಳ್ಳು ಅಂತ ಅಲ್ಲ. ಆದರೆ ತಡ ಯಾಕಾಯಿತು ಅಂತ ಕೇಳುವ ಮೊದಲೇ ನಾವು ಉತ್ತರ ಹೇಳಿ ಮುಗಿಸಿರುತ್ತೇವೆ.

ಯಾವುದೇ ವಾರ್ಡಿಗೆ ಹೋಗಿ ನೋಡಿ. ಒಂದು ಕೈಗೆ ಡ್ರಿಪ್, ಇನ್ನೊಂದು ಕೈಗೆ ದೇವರ ದಾರ. ದಿಂಬಿನ ಕೆಳಗೆ ನಂಜನಗೂಡಿನ ವಿಭೂತಿ ಪೊಟ್ಟಣ. ನಂಜುಂಡೇಶ್ವರನನ್ನು ಈ ಕಡೆ ಜನ ವೈದ್ಯ ಅಂತಲೇ ನಂಬಿದ್ದಾರೆ. ಟಿಪ್ಪುವಿನ ಆನೆಯ ಕಣ್ಣು ವಾಸಿಯಾಗಿ ಅವನು 'ಹಕೀಂ ನಂಜುಂಡ' ಎಂದು ಕರೆದ ಕಥೆ ಗೊತ್ತಿಲ್ಲದವರು ಇಲ್ಲಿ ಕಡಿಮೆ. ಇನ್ನು ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಮಗುವಿಗೆ ಜ್ವರ ಬಂದರೆ ದರ್ಗಾದ ಮುಂದೆ ನಿಲ್ಲುವ ತಾಯಂದಿರಲ್ಲಿ ಎಲ್ಲ ಜಾತಿ, ಮತದವರೂ ಸಿಗುತ್ತಾರೆ. ಓಟಿನ ಹೊತ್ತಿಗೆ ಬೇಲಿ ಹಾಕಿಕೊಳ್ಳುವ ನಾವು ಕಾಯಿಲೆಯ ಹೊತ್ತಿಗೆ ಹಾಕಿಕೊಳ್ಳುವುದಿಲ್ಲ. ಇದು ನನಗೆ ತುಂಬಾ ದೊಡ್ಡ ವಿಷಯ.

ಹರಕೆ ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ಮುಡಿಪು ಇಡುತ್ತಾರೆ. ಮುಡಿ ಕೊಡುವುದು, ಉರುಳು ಸೇವೆ, ಊಟ ಹಾಕಿಸುವುದು ಎಲ್ಲ ಆಮೇಲೆ, ವಾಸಿಯಾದ ಮೇಲೆ. ದುಡ್ಡು ಕೂಡಿದಾಗ, ಸುಗ್ಗಿ ಮುಗಿದಾಗ. ಎರಡು ವರ್ಷ ತಡವಾದರೂ "ತಪ್ಪಾಯ್ತು ಸ್ವಾಮಿ" ಅಂತ ಒಂದು ತಪ್ಪುಕಾಣಿಕೆ ಹಾಕಿದರೆ ಮುಗಿಯಿತು. ಖಾಸಗಿ ಆಸ್ಪತ್ರೆಯ ಕೌಂಟರ್‌ನಲ್ಲಿ ಮೊದಲು ಅಡ್ವಾನ್ಸ್ ಕಟ್ಟಬೇಕು. ಕೈಯಲ್ಲಿ ಕಾಸಿಲ್ಲದವರು ಮೊದಲು ಯಾರ ಹತ್ತಿರ ಹೋಗುತ್ತಾರೆ ಹೇಳಿ?

ಇನ್ನೊಂದು ಇದೆ. ಐಸಿಯು ಹೊರಗೆ ಕೂತವರಿಗೆ ಮಾಡಲು ಏನೂ ಇರುವುದಿಲ್ಲ. ಒಳಗೆ ಏನಾಗುತ್ತಿದೆ ಅಂತ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ಕೇಳಿದರೆ "ಡಾಕ್ಟರ್ ಬರ್ತಾರೆ ಇರಿ" ಅನ್ನುತ್ತಾರೆ, ಡಾಕ್ಟರ್ ಬಂದಾಗ ಅವರ ಹಿಂದೆ ಹತ್ತು ಜನ ನಿಂತಿರುತ್ತಾರೆ, ಕೊನೆಗೆ ಔಷಧಿ ಚೀಟಿ ಒಂದೇ ಕೈಗೆ ಬರುತ್ತದೆ. ಆ ಹೊತ್ತಿನಲ್ಲಿ ಒಬ್ಬ ತಾಯಿಗೆ ಮಗನಿಗಾಗಿ ತಾನೂ ಏನೋ ಮಾಡುತ್ತಿದ್ದೇನೆ ಅನ್ನಿಸಬೇಕು. ಹರಕೆ ಆ ಕೆಲಸವನ್ನು ಅವಳ ಕೈಗೆ ಕೊಡುತ್ತದೆ. ಒಂದು ಆಸ್ಪತ್ರೆಯಲ್ಲಿ ನನ್ನ ಕಣ್ಣೆದುರೇ ಒಬ್ಬ ಹೆಂಗಸಿಗೆ ಮಗುವಿನ ತಾಯತದ ವಿಷಯಕ್ಕೆ ಎಲ್ಲರ ಮುಂದೆ ಬೈದರು. ಅವಳು ತಾಯತ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ "ನಾಟಿ ಔಷಧಿ ಏನಾದರೂ ಕುಡಿಸಿದ್ದೀರಾ?" ಅಂತ ಕೇಳಿದಾಗ ತಲೆ ಅಲ್ಲಾಡಿಸಿದಳು, ಇಲ್ಲ ಅಂತ. ಕುಡಿಸಿದ್ದರೂ ಹೇಳುತ್ತಿದ್ದಳಾ? ಬೈದ ಮೇಲೆ ಯಾರು ನಿಜ ಹೇಳುತ್ತಾರೆ?

ತಡವಾಗುವುದು ಹೇಗೆ ಅಂತ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಕೇಳಿ ನೋಡಿ. ಎರಡು ಹೊತ್ತು ಡೈರಿಗೆ ಹಾಲು ಹಾಕುವ ಹೆಂಗಸು ತನ್ನ ಹೊಟ್ಟೆನೋವಿಗೆ ಅಂತ ನಾಲ್ಕು ದಿನ ಮೈಸೂರಿನಲ್ಲಿ ಉಳಿಯುವುದು ಹೇಗೆ? ಹಸು ಕರೆಯುವವರು ಯಾರು? ನಂಜನಗೂಡಿಗೆ ಸೋಮವಾರ ಬೆಳಗ್ಗೆ ಹೊರಟರೆ ಸಂಜೆ ಹಾಲಿನ ಹೊತ್ತಿಗೆ ಮನೆ. ಆಸ್ಪತ್ರೆಗಾದರೆ ಒಂದು ದಿನ ಚೀಟಿಗೆ, ಒಂದು ದಿನ ಸ್ಕ್ಯಾನಿಂಗ್‌ಗೆ, ಇನ್ನೊಂದು ದಿನ ರಿಪೋರ್ಟ್‌ಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಒಳ್ಳೆಯದೇ, ಎಷ್ಟೋ ಮನೆ ಉಳಿಸಿದೆ. ಆದರೆ ಜೊತೆಗೆ ಬಂದವರ ಊಟ, ಆಟೋ, ಹೋದ ಕೂಲಿ ಆ ಕಾರ್ಡಿನಲ್ಲಿ ಬರುವುದಿಲ್ಲ. ಕೆಲಸ ಕೆಡುವುದು ಅಲ್ಲೇ. ಅದನ್ನು ಮೂಢನಂಬಿಕೆ ಅಂದುಬಿಟ್ಟರೆ ಸರ್ಕಾರಕ್ಕೂ ನಮಗೂ ಹೊಣೆ ತಪ್ಪುತ್ತದೆ.

ಧರ್ಮ ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ ಅನ್ನುವುದೂ ನಮ್ಮೂರಿನ ಮಟ್ಟಿಗೆ ನಿಜವಲ್ಲ. ಮೈಸೂರಿನ ಮಿಷನ್ ಆಸ್ಪತ್ರೆ 1906ರದು. ಜೆಎಸ್‌ಎಸ್ ಆಸ್ಪತ್ರೆಯ ಹಿಂದೆ ಸುತ್ತೂರು ಮಠ ಇದೆ, ನಾಗಮಂಗಲ ತಾಲ್ಲೂಕಿನ ದೊಡ್ಡ ಆಸ್ಪತ್ರೆಯ ಹಿಂದೆ ಆದಿಚುಂಚನಗಿರಿ ಮಠ ಇದೆ. ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ 1980ರಲ್ಲಿ ಘೋಷಣೆಯಾಯಿತು. ಮಾರಮ್ಮನ ಹಬ್ಬ ನಿಲ್ಲಲಿಲ್ಲ. ಜನ ಮಕ್ಕಳಿಗೆ ಲಸಿಕೆ ಹಾಕಿಸಿದರು, ಅಮ್ಮನಿಗೆ ತಂಬಿಟ್ಟಿನ ಆರತಿಯನ್ನೂ ಎತ್ತಿದರು. ಒಂದಕ್ಕೊಂದು ಅಡ್ಡ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಹಾಗಂತ ಎಲ್ಲ ನಂಬಿಕೆಯೂ ಸರಿ ಅಂತ ನಾನು ಹೇಳುತ್ತಿಲ್ಲ. ಹಾವು ಕಡಿದವರನ್ನು ಮಂತ್ರ ಹಾಕಿಸಲು ಕರೆದುಕೊಂಡು ಹೋಗುವುದು ಜೀವದ ಜೊತೆ ಆಟ. ವಿಷಕ್ಕೆ ಮದ್ದು ಆಂಟಿವೆನಮ್ ಒಂದೇ, ಅದು ಆಸ್ಪತ್ರೆಯಲ್ಲೇ ಸಿಗುವುದು. ಕಬ್ಬಿನ ಗದ್ದೆ, ಭತ್ತದ ಗದ್ದೆಯಲ್ಲಿ ದುಡಿಯುವ ಮನೆಗಳಿಗೆ ಇದು ಬಾಯಿಪಾಠ ಆಗಬೇಕು. ನಮ್ಮ ರಾಜ್ಯದ 2017ರ ಮಾಟ-ಮಂತ್ರ ತಡೆ ಕಾಯ್ದೆ ಇಲ್ಲಿ ಗೆರೆ ಸರಿಯಾದ ಕಡೆ ಎಳೆದಿದೆ ಅಂತ ನನ್ನ ಅಭಿಪ್ರಾಯ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ-ತಂತ್ರ ಮಾಡುವುದು ಅಪರಾಧ. ಪ್ರದಕ್ಷಿಣೆ, ಯಾತ್ರೆಗೆ ಯಾವ ಅಡ್ಡಿಯೂ ಇಲ್ಲ. ಅಂದರೆ ತಪ್ಪು ಇರುವುದು ಚಿಕಿತ್ಸೆಗೆ ಅಡ್ಡ ಬರುವುದರಲ್ಲಿ, ದೇವರಿಗೆ ಕೈ ಮುಗಿಯುವುದರಲ್ಲಿ ಅಲ್ಲ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪ್ರತಿ ವಾರ್ಡಿನಲ್ಲಿ ಸಂಜೆ ಹೊತ್ತು ಒಬ್ಬರು ರೋಗಿಯ ಕಡೆಯವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳಲಿ: ಕಾಯಿಲೆ ಏನು, ನಾಳೆ ಏನು ಮಾಡುತ್ತೇವೆ, ಇನ್ನೆಷ್ಟು ದಿನ ಆಗಬಹುದು. "ನಿಮ್ಮ ಕಡೆ ಏನೇನು ಮಾಡಿಸಿದ್ರಿ?" ಅಂತ ಬೈಯದೆ ಕೇಳಲಿ. ಚೀಟಿ, ಸ್ಕ್ಯಾನಿಂಗ್, ರಿಪೋರ್ಟ್ ಆದಷ್ಟು ಒಂದೇ ದಿನದಲ್ಲಿ ಮುಗಿಯಲಿ, ದೂರದಿಂದ ಬಂದವರಿಗಾದರೂ. ಜೊತೆಗೆ ಬಂದವರಿಗೆ ಮಲಗಲು ಸೂರು, ಬಚ್ಚಲು, ಎರಡು ಹೊತ್ತಿನ ಊಟ ಸಿಗಲಿ. ಇಷ್ಟು ಮಾಡಿ ನೋಡಿ, ಆಮೇಲೂ ತಡವಾಗಿ ಬರುವವರು ಎಷ್ಟು ಜನ ಉಳಿಯುತ್ತಾರೆ ಅಂತ ಲೆಕ್ಕ ಹಾಕೋಣ.