ಟ್ರೇಲರ್‌ಗೆ ಮೂರು ಜಾಗ ಸಾಕು

90 ಸೆಕೆಂಡಿನ ಟ್ರೇಲರ್‌ಗೆ ಚಿತ್ರೀಕರಣದ ಐದಾರು ಜಾಗ ತುರುಕಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ; ಮೂರೇ ಸಾಕು.

ಊರು ಬಿಟ್ಟವರ ಕಥೆಯಾದರೆ ಮೊದಲು ಹೊಳೆಯುವುದು ಹಾಸನದ ಬಳಿಯ ಪಾಳುಬಿದ್ದ ಶೆಟ್ಟಿಹಳ್ಳಿ ಚರ್ಚು. ಅಲ್ಲಿ ತಿಂಗಳೇ ಅರ್ಥ ಬದಲಿಸಿಬಿಡುತ್ತದೆ: ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿ ಗೋಡೆಗಳು ಮುಳುಗಿದಾಗ ಅದು ಕಳೆದುಕೊಂಡ ಊರು, ಬೇಸಿಗೆಯಲ್ಲಿ ನೀರಿಳಿದಾಗ ಅಳಿದುಳಿದ ನೆನಪು. ನಿಮ್ಮ ಕಥೆಗೆ ಬೇಕಾದದ್ದು ಯಾವುದು ಎಂದು ತೀರ್ಮಾನಿಸಿಯೇ ದಿನಾಂಕ ಹಾಕಿ. ದೂರದಿಂದ ಇಡೀ ಕಟ್ಟಡ ತೋರಿಸುವ ಶಾಟ್ ಮದುವೆ ವಿಡಿಯೋಗಳಲ್ಲಿ ಸವೆದುಹೋಗಿದೆ. ಹತ್ತಿರ ಹೋಗಿ: ಉದುರಿದ ಗಾರೆ, ಅದರ ಪಕ್ಕ ಪಾತ್ರದ ಕೈ, ನಾಲ್ಕೇ ಸೆಕೆಂಡು. ಶಿಥಿಲ ಗೋಡೆ ಹತ್ತುವುದು ಮಾತ್ರ ಬೇಡವೇ ಬೇಡ.

ದಿನದ ಯಾವ ಹೊತ್ತಿನಲ್ಲಿ ಚಿತ್ರೀಕರಿಸುತ್ತೀರೋ, ಜಾಗ ನೋಡಲು ಮೊದಲೇ ಹೋಗುವುದೂ ಅದೇ ಹೊತ್ತಿಗೆ ಆಗಬೇಕು. ಬೆಳಗ್ಗೆ ಏಳರ ಓರೆ ಬಿಸಿಲಿಗೂ ಹನ್ನೊಂದರ ನೆತ್ತಿ ಬಿಸಿಲಿಗೂ ಸಂಬಂಧವೇ ಇರುವುದಿಲ್ಲ. ಒಂದು ನಿಮಿಷ ಸುಮ್ಮನೆ ನಿಂತು ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಬಯಲಿನ ಗಾಳಿ ಮೈಕನ್ನು ನುಂಗುತ್ತದೆ.

ಕಾರಿಡಾರು, ಹಾಸ್ಟೆಲ್ ಕೋಣೆಯಾದರೆ ಟ್ಯೂಬ್‌ಲೈಟ್ ಕಾಟ. ಅದರ ಬೆಳಕು ಕರೆಂಟಿನ ಲಯಕ್ಕೆ ಮಿಣುಕುತ್ತದೆ; ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಿ. 1/60ರಲ್ಲಿ ಚಿತ್ರದ ಮೇಲೆ ಪಟ್ಟೆ ಹರಿದಾಡಬಹುದು. ರೈಲು ನಿಲ್ದಾಣ, ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಮೊದಲೇ ಅನುಮತಿ ಪಡೆಯಿರಿ.