ಬುಟ್ಟಿಯಡಿಯ ಯಜಮಾನಿ

ಸಂತೆಯಿಂದ ತಂದ ಗಿರಿರಾಜ ಎಂಬ ತಳಿಯ ಎರಡು ಹೇಂಟೆಗಳನ್ನು ಹಿತ್ತಿಲಿಗೆ ಬಿಟ್ಟು ಒಂಬತ್ತು ದಿನವಾಯಿತು. ನಮ್ಮ ಹಳೆಯ ನಾಟಿ ಹೇಂಟೆ ತೂಕದಲ್ಲಿ ಅವುಗಳ ಅರ್ಧವೂ ಇಲ್ಲ. ಆದರೂ ಕಾಳಿನ ಹತ್ತಿರ ಸುಳಿಯಲು ಬಿಡಲಿಲ್ಲ! ಮೂರನೆಯ ದಿನ ಒಂದರ ಬಾಲದ ಬುಡದಲ್ಲಿ ಗರಿ ಕಿತ್ತು ರಕ್ತ ಬಂದಿತ್ತು. ಕೆಂಪು ಕಂಡರೆ ಕೋಳಿಯ ಕೊಕ್ಕು ಸುಮ್ಮನಿರುವುದಿಲ್ಲ. ಮಿಕ್ಕವೂ ಅಲ್ಲಿಯೇ ಕುಕ್ಕತೊಡಗಿದವು. ಗಾಯದ ಕೋಳಿಯನ್ನು ಬೇರೆ ಇಟ್ಟು ಅರಿಶಿನ ಹಚ್ಚಿದೆ.

"ಕುಕ್ಕುವುದನ್ನೂ ಮುಚ್ಚಿಡು, ಸೊಕ್ಕು ಇಳಿಯುತ್ತದೆ" ಎಂದರು ಅತ್ತೆ. ಯಜಮಾನಿ ನಾಲ್ಕು ದಿನ ಬಿದಿರ ಬುಟ್ಟಿಯಡಿ, ಕಾಳು ನೀರು ಅಲ್ಲಿಯೇ. ಅಷ್ಟರಲ್ಲಿ ಇನ್ನೊಂದು ಕಾಳಿನ ತಟ್ಟೆ ದೂರದಲ್ಲಿ ಇಟ್ಟೆ, ಕುಕ್ಕಲು ಹರಿವೆ ಸೊಪ್ಪಿನ ಕಟ್ಟೊಂದನ್ನು ತೂಗುಹಾಕಿದೆ. ಗಾಯ ಒಣಗಿದ ಮೇಲೆ ಎಲ್ಲವನ್ನೂ ಕತ್ತಲಲ್ಲಿ ಒಂದೇ ಗೂಡಿಗೆ ಸೇರಿಸಿದೆ.

ಕೋಳಿಗಳ ಈ ಮೇಲು-ಕೀಳಿನ ಲೆಕ್ಕವನ್ನು ನಾರ್ವೆಯ ವಿಜ್ಞಾನಿ ಶೆಲ್ಡೆರುಪ್-ಎಬ್ಬೆ ಸುಮಾರು 100 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ನನಗೆ ಮಾತ್ರ ನೆನಪಾದದ್ದು, ಮದುವೆಯಾಗಿ ಬಂದ ಮೊದಲ ವಾರ ಈ ಅಡುಗೆಮನೆಯಲ್ಲಿ ಲೋಟ ಎಲ್ಲಿದೆ ಎಂದು ಕೇಳಲೂ ಹೆದರುತ್ತಿದ್ದದ್ದು. ಅತ್ತೆಗೆ ಹೇಳಿಲ್ಲ.

ಇಂದು ಬೆಳಿಗ್ಗೆ ಒಂದೇ ಒಂದು ಕುಕ್ಕು, ಅದೂ ಮೆಲ್ಲಗೆ. ಬುಟ್ಟಿಯನ್ನು ಇನ್ನೂ ಅಟ್ಟಕ್ಕೆ ಹಾಕಿಲ್ಲ.