ಭರತದ ಪ್ರಬಂಧ: ಆಚೆ ಬದಿಯ ಉಬ್ಬು ಕೊನೆಗೂ ಕೂತಿತು

ಆಚೆ ಬದಿಯ ಉಬ್ಬಿನ ಪ್ಯಾರಾ ಕೊನೆಗೂ ಸರಿಯಾಗಿ ಕೂತಿತು. ಮುಂಬೈಯ ನಮ್ಮ ಸಂಘದ ವಿಶೇಷಾಂಕಕ್ಕಾಗಿ ನಡೆದಿರುವ, ಕಡಲಿನ ಭರತ-ಇಳಿತದ (ಉಬ್ಬರವಿಳಿತದ) ಪ್ರಬಂಧ ಇದು. ಟಿಪ್ಪಣಿ ಚೀಟಿ, ಮೂಲಗಳ ಪಟ್ಟಿ, ಕರಡು ತಿದ್ದುವುದು ನಿಮಗೆಲ್ಲ ರೂಢಿಯ ಕೆಲಸ, ಅದನ್ನು ಬಿಡುತ್ತೇನೆ. ಗಂಟು ಇದ್ದದ್ದು ಒಂದೇ ಪ್ರಶ್ನೆಯಲ್ಲಿ: ಚಂದ್ರ ಇರುವುದು ಈಚೆ, ಹಾಗಿದ್ದ ಮೇಲೆ ಭೂಮಿಯ ಆಚೆ ಬದಿಯಲ್ಲೂ ನೀರು ಯಾಕೆ ಉಬ್ಬಬೇಕು? ದಾದರ್ ಚೌಪಾಟಿಯಲ್ಲಿ ದಿನಕ್ಕೆರಡು ಭರತ ನೋಡುವ ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ.

ಶಾಲಾ ಪುಸ್ತಕಗಳು ಸಾಮಾನ್ಯವಾಗಿ ‘ಕೇಂದ್ರಾಪಗಾಮಿ ಬಲ’ (ಸುತ್ತುವಾಗ ಹೊರಕ್ಕೆ ಎಸೆದಂತೆ ಕಾಣುವ ಬಲ) ಎಂದು ಬರೆದು ಮುಂದೆ ಹೋಗುತ್ತವೆ. ಆ ದಾರಿ ಪೂರ್ತಿ ತಪ್ಪಲ್ಲ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಭೂಮಿ-ಚಂದ್ರ ಜೋಡಿಯ ಸುತ್ತಾಟ, ಭೂಮಿಯ ದಿನದ ತಿರುಗುವಿಕೆಯಲ್ಲ. ಇವೆರಡನ್ನು ಬಿಡಿಸಿ ಹೇಳುವಷ್ಟರಲ್ಲಿ ಮೂರು ಪ್ಯಾರಾ ಮುಗಿದಿರುತ್ತದೆ, ಓದುಗರು ಕೈಬಿಟ್ಟಿರುತ್ತಾರೆ. ಗೆಲಿಲಿಯೊ 1632ರಲ್ಲಿ ಚಂದ್ರನನ್ನೇ ಬದಿಗಿಟ್ಟು, ಭೂಮಿಯ ಚಲನೆಯಿಂದ ಕಡಲು ತುಳುಕುತ್ತದೆ ಎಂದು ವಾದಿಸಿದ. ಆ ವಾದದಂತೆ ದಿನಕ್ಕೆ ಒಂದೇ ಭರತ ಬರಬೇಕು. ಅವನಿಗೆ ಪ್ರಬಂಧದಲ್ಲಿ ಎರಡು ವಾಕ್ಯ ಕೊಟ್ಟಿದ್ದೇನೆ, ಆಧಾರವಾಗಿ ಅಲ್ಲ, ಪ್ರಶ್ನೆ ಎಷ್ಟು ಕಠಿಣವಾದದ್ದು ಎಂದು ತೋರಿಸಲು.

ಗಂಟು ಬಿಚ್ಚಿದ್ದು ನ್ಯೂಟನ್ 1687ರಲ್ಲಿ ಹಿಡಿದ ಎಳೆಯಿಂದ. ನೀರನ್ನು ಉಬ್ಬಿಸುವುದು ಚಂದ್ರನ ಸೆಳೆತವಲ್ಲ, ಸೆಳೆತದಲ್ಲಿರುವ ವ್ಯತ್ಯಾಸ. ಸೂತ್ರದ ಬದಲು ಮೂರು ಅಂಕಿ ಇಟ್ಟರೆ ಸಾಕಾಯಿತು. ಚಂದ್ರನ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ಅಂದರೆ ಈಚೆ ಬದಿಗೆ 59, ಭೂಮಿಯ ನಡುವಿಗೆ 60, ಆಚೆ ಬದಿಗೆ 61. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ನಡುವಿನಲ್ಲಿ 1000 ಎಂದು ಹಿಡಿದರೆ ಈಚೆ 1034, ಆಚೆ 967. ಭೂಮಿ ಒಟ್ಟಾರೆ 1000ದ ಲೆಕ್ಕದಲ್ಲಿ ಚಂದ್ರನತ್ತ ಸಾಗುವಾಗ ಈಚೆಯ ನೀರಿಗೆ 34 ಹೆಚ್ಚು, ಆಚೆಯ ನೀರಿಗೆ 33 ಕಡಿಮೆ. ಈಚೆಯದು ಮುಂದೋಡುತ್ತದೆ, ಆಚೆಯದು ಹಿಂದುಳಿಯುತ್ತದೆ. ಎರಡು ಉಬ್ಬೂ ಹೆಚ್ಚುಕಡಿಮೆ ಸಮ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಸೂರ್ಯನ ಸೆಳೆತ ಚಂದ್ರನದಕ್ಕಿಂತ ಸುಮಾರು 180 ಪಟ್ಟು. ಆದರೂ ಅಷ್ಟು ದೂರದಿಂದ ಈ ಬದಿಗೂ ಆ ಬದಿಗೂ ವ್ಯತ್ಯಾಸ ಅಲ್ಪ, ಹಾಗಾಗಿ ಭರತದಲ್ಲಿ ಅವನ ಪಾಲು ಚಂದ್ರನ ಅರ್ಧಕ್ಕೂ ತುಸು ಕಡಿಮೆ.

ಇಲ್ಲಿಗೇ ಮುಗಿಸಿದರೆ ಪ್ರಬಂಧ ಅಚ್ಚುಕಟ್ಟಾಗಿರುತ್ತದೆ, ನಿಜವಾಗಿರುವುದಿಲ್ಲ. ಈ ಲೆಕ್ಕದಿಂದ ಚಂದ್ರನ ಪಾಲಿಗೆ ಬರುವುದು ಅರ್ಧ ಮೀಟರಿನಷ್ಟು ಏರಿಳಿತ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಉಧಾಣದಲ್ಲಿ (ದೊಡ್ಡ ಭರತದಲ್ಲಿ) ಅದು 4 ಮೀಟರ್ ದಾಟುವುದುಂಟು. ಜೊತೆಗೆ ಸಮಯದ ಬಲೆಯೊಂದಿದೆ. ಅಮಾವಾಸ್ಯೆಯಂದು ಚಂದ್ರ ನೆತ್ತಿಗೆ ಬರುವುದು ನಡುಹಗಲು, ಮುಂಬೈಯ ಭರತವೂ ನಡುಹಗಲಿನ ಸುಮಾರಿಗೇ. ‘ಚಂದ್ರನ ಕೆಳಗೇ ಉಬ್ಬು’ ಎಂಬ ಚಿತ್ರಕ್ಕೆ ಊರೇ ಸಾಕ್ಷಿ ನುಡಿದಂತೆ ಕಾಣುತ್ತದೆ. ಆದರೆ ಅದು ಕಾಕತಾಳೀಯ. ಪರೀಕ್ಷಿಸಬೇಕೆಂದರೆ ಗೋವಾ, ಮುಂಬೈ, ಗುಜರಾತಿನ ಭಾವನಗರ ಮೂರನ್ನೂ ಒಂದೇ ದಿನಕ್ಕೆ ಪಕ್ಕಪಕ್ಕ ಇಡಿ. ರೇಖಾಂಶದಲ್ಲಿ ಗೋವಾಕ್ಕೂ ಮುಂಬೈಗೂ ಒಂದು ಡಿಗ್ರಿಯಷ್ಟು ಅಂತರ, ಚಂದ್ರನಿಗೆ ನಾಲ್ಕು ನಿಮಿಷದ ದಾರಿ. ಭಾವನಗರಕ್ಕೆ ಅಷ್ಟೂ ಇಲ್ಲ. ಭರತವಾದರೋ ಮೊದಲು ಗೋವಾಕ್ಕೆ, ಆಮೇಲೆ ಮುಂಬೈಗೆ, ಅದಾಗಿ ಗಂಟೆಗಟ್ಟಲೆ ತಡವಾಗಿ ಭಾವನಗರಕ್ಕೆ. ಅದು ಚಂದ್ರನ ಹಿಂದೆ ಓಡುತ್ತಿಲ್ಲ, ಕರಾವಳಿಯ ಗುಂಟ ಉತ್ತರಕ್ಕೆ ಸಾಗುತ್ತಿದೆ.

ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1770ರ ದಶಕದಲ್ಲಿ ಹೇಳಿದ್ದು ಇದನ್ನೇ: ಭರತ ಎಂದರೆ ಅಲೆ. ಸುಮಾರು 4 ಕಿ.ಮೀ. ಆಳದ ಸಾಗರದಲ್ಲಿ ಇಂಥ ಅಲೆಯ ವೇಗ ಗಂಟೆಗೆ 700 ಕಿ.ಮೀ. ಆಸುಪಾಸು. ಸಮಭಾಜಕದಲ್ಲಿ ಭೂಮಿ ತಿರುಗುವ ವೇಗ 1,670. ಉಬ್ಬು ಚಂದ್ರನ ಕೆಳಗೇ ಇರಲು ಸಾಧ್ಯವೇ ಇಲ್ಲ. ಇನ್ನು ಎತ್ತರದ ಮಾತು. ಮುಂಬೈ ಎದುರು ಆಳವಿಲ್ಲದ ಕಡಲತಳ ಸುಮಾರು 300 ಕಿ.ಮೀ. ಹರಡಿದೆ, ಅದರ ಮೇಲೆ ಹತ್ತುವ ಅಲೆ ಎತ್ತರವಾಗುತ್ತದೆ. ಕೊಚ್ಚಿಯಲ್ಲಿ ಮೀಟರಿನಷ್ಟಿರುವ ಏರಿಳಿತ ಗೋವಾದಲ್ಲಿ ಎರಡರ ಸುಮಾರು, ಖಂಭಾತ್ ಕೊಲ್ಲಿ ಕಿರಿದಾಗುತ್ತ ಹೋಗುವ ಭಾವನಗರದಲ್ಲಿ ಹತ್ತರ ಹತ್ತಿರ.

ಆದ್ದರಿಂದ ಪ್ರಬಂಧವನ್ನು ಎರಡಾಗಿ ಸೀಳಿದೆ: ಮೊದಲು ಬಲ, ಆಮೇಲೆ ನೀರು ಆ ಬಲಕ್ಕೆ ಹೇಗೆ ಓಗೊಡುತ್ತದೆ ಎಂಬುದು. ಕಾರಣಕ್ಕೆ ನ್ಯೂಟನ್, ಚಲನೆಗೆ ಲಾಪ್ಲಾಸ್, ಸಮಯಕ್ಕೆ ಸರ್ವೆ ಆಫ್ ಇಂಡಿಯಾದ ಭರತ ಕೋಷ್ಟಕ. ಆ ಕೋಷ್ಟಕದಲ್ಲಿರುವುದು ಮುನ್ನೆಣಿಕೆ, ಅಳತೆಯಲ್ಲ. ಅಳತೆ ಬೇಕಾದರೆ ಅಪೊಲೊ ಬಂದರದ ದಾಖಲೆ 1878ರಿಂದಲೇ ಇದೆ. ಎತ್ತರ ಎಲ್ಲಿಂದ ಅಳೆದದ್ದು ಎಂದು ಬರೆಯದೆ ಬಿಡಬೇಡಿ. ಮಳೆಗಾಲದಲ್ಲಿ ಪತ್ರಿಕೆಗಳು ‘4.8 ಮೀಟರ್ ಅಲೆ’ ಎನ್ನುತ್ತವಲ್ಲ, ಅದು ಅಲೆಯ ಎತ್ತರವಲ್ಲ, ನಾವಿಕರ ನಕ್ಷೆ ಸೊನ್ನೆ ಎಂದು ಹಿಡಿಯುವ ತಳಮಟ್ಟದಿಂದ ನೀರಿನ ಮಟ್ಟ. ಮುಂಬೈಯ ಸರಾಸರಿ ಸಮುದ್ರಮಟ್ಟವೇ ಆ ತಳದಿಂದ 2.5 ಮೀಟರ್ ಮೇಲಿದೆ.

ಹಳೆಯ ಕೋಷ್ಟಕಗಳ ನೆರಳಚ್ಚು ಮಾರುವವರ ಬಗ್ಗೆ ತಕರಾರಿದೆ. ಬೈಂಡಿಂಗ್‌ಗೆಂದು ಅಂಚು ಕತ್ತರಿಸುತ್ತಾರೆ, ತಳಮಟ್ಟವನ್ನೂ ಕಾಲಮಾನವನ್ನೂ ಹೇಳುವ ಸಣ್ಣಕ್ಷರದ ಟಿಪ್ಪಣಿ ಇರುವುದು ಅಲ್ಲೇ. ಬಾಂಬೆ ಟೈಮ್ ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದೆ, ಊರಲ್ಲಿ 1955ರವರೆಗೂ ಬಳಕೆಯಲ್ಲಿತ್ತು. ಟಿಪ್ಪಣಿ ಇಲ್ಲದ ಪುಟದಲ್ಲಿ ಮಧ್ಯಾಹ್ನದ 12 ಯಾವ 12 ಎಂದು ಹೇಳಲಾಗದು. ದುಡ್ಡು ಕೊಡುವ ಮುನ್ನ ಪುಟದ ಕೆಳಅಂಚು ನೋಡಿ.

ಇದರ ನಡುವೆಯೇ ಮುಂದಿನ ಪ್ರಬಂಧ ತಲೆಯಲ್ಲಿ ಕೂತಿದೆ: ಗೋವಾದ ಖಾಜಣ. ಹೊಳೆಯಂಚಿನ ತಗ್ಗು ಗದ್ದೆ, ಮಣ್ಣಿನ ಕಟ್ಟೆ, ಅದರಲ್ಲಿ ‘ಮಾನಸ್’ ಎಂಬ ಮರದ ತೂಬುಬಾಗಿಲು. ಭರತ ಏರಿದಾಗ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚುತ್ತದೆ, ಇಳಿತದಲ್ಲಿ ತಾನೇ ತೆರೆದು ಒಳಗಿನ ನೀರನ್ನು ಬಿಡುತ್ತದೆ. ಕುಮಟಾ ಕಡೆಯ ನಮ್ಮ ಗಜನಿಯೂ ಇದರ ಒಡಹುಟ್ಟೇ; ಗೋವಾದಲ್ಲಿ ಕೊರ್ಗುಟ್ ಭತ್ತ, ಕುಮಟಾದಲ್ಲಿ ಕಗ್ಗ. ಗೋವಾದ ಕಡೆಗೆ ಬರಹದ ಮೂಲಗಳು ಸಾಕಷ್ಟಿವೆ. ಗಜನಿಯ ತೂಬುಬಾಗಿಲಿನ ಅಳತೆ, ಬಳಸುವ ಮರ, ಹಲಗೆ ಎಷ್ಟು ವರ್ಷ ಬಾಳುತ್ತದೆ ಎಂಬ ಮಾಹಿತಿ ಅಘನಾಶಿನಿ ಹೊಳೆಯ ಕಡೆಯವರಲ್ಲಿ ಯಾರ ಬಳಿಯಾದರೂ ಬರಹದಲ್ಲಿದ್ದರೆ ತಿಳಿಸಿ.